ಲ್ಹಾಸಾಕ್ಕೆ ರೈಲು ಬಂತು, ಬೈಲಕುಪ್ಪೆಗೆ ಬರೋರು ನಿಂತರು

ಮೈಸೂರಿನಲ್ಲಿ ಕುಶಾಲನಗರದ ಬಸ್ಸು ಹತ್ತುವವರಿಗೆ ಇದು ಹೊಸ ನೋಟವಲ್ಲ. ಹಿಂದಿನ ಸೀಟಿನಲ್ಲಿ ಕೆಂಪು ಬಟ್ಟೆಯ ನಾಲ್ಕು ಲಾಮಾಗಳು. ಕಿಟಕಿ ಪಕ್ಕದಲ್ಲಿ, ಸೊಂಟಕ್ಕೆ ಪಟ್ಟೆ ಪಟ್ಟೆ ಬಟ್ಟೆ ಕಟ್ಟಿಕೊಂಡು ಜಪಮಣಿ ಎಣಿಸುವ ಒಬ್ಬ ಅಜ್ಜಿ. ಹುಣಸೂರು ದಾಟಿತು, ಪಿರಿಯಾಪಟ್ಟಣ ದಾಟಿತು, ಕ್ಯಾಂಪಿನಲ್ಲಿ ಇಳಿಯೋರು ಮುಂದೆ ಬನ್ನಿ ಅಂತ ಕಂಡಕ್ಟರು ಕೂಗಿದ. ಅಜ್ಜಿ ಗಂಟುಮೂಟೆ ಎತ್ತಿಕೊಂಡು, ದಾರಿ ಬಿಡದವರನ್ನು ಅಚ್ಚ ಕನ್ನಡದಲ್ಲಿ ಬೈದು ಇಳಿದಳು. ಅರವತ್ತು ವರ್ಷದಿಂದ ಈ ಜಿಲ್ಲೆಯ ಜನ ನೋಡುತ್ತಾ ಬಂದಿರುವ ದೃಶ್ಯ ಇದು.

ಆದರೆ ಈ ದೃಶ್ಯದಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಗಿದೆ. ಹೊಸಬರಿಲ್ಲ. 2008ಕ್ಕೆ ಮುಂಚೆ ವರ್ಷಕ್ಕೆ ಎರಡರಿಂದ ಮೂರು ಸಾವಿರ ಜನ ಟಿಬೆಟ್ಟಿನಿಂದ ಹಿಮದ ಕಣಿವೆಗಳನ್ನು ದಾಟಿ ನೇಪಾಳಕ್ಕೆ, ಅಲ್ಲಿಂದ ಧರ್ಮಶಾಲೆಗೆ ನಡೆದು ಬರುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಸನ್ಯಾಸಿಗಳು, ಹುಡುಗರು ಬೈಲಕುಪ್ಪೆಗೋ ಮುಂಡಗೋಡಿಗೋ ಬಂದು ಸೇರುತ್ತಿದ್ದರು. ಹಿಮ ಕಚ್ಚಿ ಕಾಲ್ಬೆರಳು ಕಳೆದುಕೊಂಡವರೂ ಇದ್ದರು. ಈಗ ವರ್ಷಕ್ಕೆ ಇಡೀ ಇಂಡಿಯಾಕ್ಕೆ ಬಂದು ಮುಟ್ಟುವವರು ಕೆಲವೇ ಡಜನ್.

ಯಾಕೆ ನಿಂತರು? ಬೀಜಿಂಗ್ ಸರ್ಕಾರದ ಉತ್ತರ ರೆಡಿ ಇದೆ: ಅಲ್ಲಿ ಅಭಿವೃದ್ಧಿ ಆಗಿದೆ, ಜನ ಸುಖವಾಗಿದ್ದಾರೆ, ಓಡಿಬರುವ ದರ್ದು ಯಾರಿಗಿದೆ? ಧರ್ಮಶಾಲೆಯವರ ಉತ್ತರವೂ ರೆಡಿ ಇದೆ: ಬಾಗಿಲು ಜಡಿದು ಬೀಗ ಹಾಕಿದ್ದಾರೆ. ಇವೆರಡರ ನಡುವೆ ತೀರ್ಪು ಹೇಳಬೇಕಾದರೆ ಘೋಷಣೆಗಳನ್ನು ಪಕ್ಕಕ್ಕಿಟ್ಟು, ಅಲ್ಲಿಗೆ ಬಂದದ್ದೇನು, ಬಂದದ್ದು ಯಾರ ಕೈ ಸೇರಿತು ಅಂತ ಲೆಕ್ಕ ಹಾಕಬೇಕು. ಅಂಗಡಿ ಇಟ್ಟವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಬಂದದ್ದು ಸುಳ್ಳಲ್ಲ

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಹಳೇ ಟಿಬೆಟ್ಟೇನೂ ಸ್ವರ್ಗವಾಗಿರಲಿಲ್ಲ. ಜಮೀನು ಮಠಗಳದ್ದು, ಜಹಗೀರುದಾರರದ್ದು; ಉಳುವವನು ಆಳು. ಸುಧಾರಣೆ ಆಗಲೇಬೇಕಿತ್ತು ಅಂತ ದಲೈ ಲಾಮಾ ಅವರೇ ಅನೇಕ ಸಲ ಹೇಳಿದ್ದಾರೆ. 1950ರಲ್ಲಿ ಚೀನಾ ಸೈನ್ಯ ಒಳನುಗ್ಗಿದಾಗ ಆ ದೇಶದಲ್ಲಿ ಮೋಟಾರು ಓಡುವ ರಸ್ತೆಯೇ ಇರಲಿಲ್ಲ ಅನ್ನಬಹುದು. 1954ರಲ್ಲಿ ಎರಡು ಹೆದ್ದಾರಿಗಳು ಲ್ಹಾಸಾ ಮುಟ್ಟಿದವು. 1959ರಲ್ಲಿ ಲ್ಹಾಸಾದ ಜನ ದಂಗೆ ಎದ್ದರು, ದಂಗೆ ಅಡಗಿಸಲಾಯಿತು, ದಲೈ ಲಾಮಾ ಇಂಡಿಯಾಕ್ಕೆ ಬಂದರು. ಅವರ ಹಿಂದೆ ಬಂದವರಿಗೆ ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯ ಕಾಡಿನಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟಿತು. ಈ ಕಥೆ ಊರಿಗೆಲ್ಲ ಗೊತ್ತು.

ಗೊತ್ತಿಲ್ಲದ್ದು ಆಮೇಲಿನ ಕಥೆ. ಪಶ್ಚಿಮದ ಪ್ರಾಂತ್ಯಗಳನ್ನು ಅಭಿವೃದ್ಧಿ ಮಾಡುತ್ತೇವೆ ಅಂತ 2000ದ ಹೊತ್ತಿಗೆ ಬೀಜಿಂಗ್ ದೊಡ್ಡ ಯೋಜನೆ ಹೂಡಿತು. 2006ರ ಜುಲೈ 1ರಂದು ಗೋಲ್ಮುಡ್‌ನಿಂದ ಲ್ಹಾಸಾಕ್ಕೆ 1,142 ಕಿಲೋಮೀಟರಿನ ರೈಲು ಓಡಿತು. ಈ ರೈಲು ದಾಟುವ ತಾಂಗ್ಗುಲಾ ಕಣಿವೆಯ ಎತ್ತರ 5,072 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು, ಅದರ ಮೇಲೆ ಅರ್ಧ ಇಟ್ಟರೂ ಅದಕ್ಕೆ ಎಟುಕುವುದಿಲ್ಲ. ಬೋಗಿಯೊಳಕ್ಕೆ ಆಮ್ಲಜನಕ ಬಿಡಬೇಕು, ಹಳಿಯ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಇಂಜಿನಿಯರುಗಳಿಗೆ ಕೈ ಮುಗಿಯಬೇಕಾದ ಕೆಲಸವೇ ಸರಿ. 2014ರಲ್ಲಿ ಶಿಗಾಟ್ಸೆಗೆ, 2021ರಲ್ಲಿ ಅರುಣಾಚಲದ ಗಡಿ ಕಡೆಯ ನಿಂಗ್ಚಿಗೆ 435 ಕಿಲೋಮೀಟರಿನ ಇನ್ನೊಂದು ರೈಲು.

1951ರಲ್ಲಿ ಸರಾಸರಿ ಆಯಸ್ಸು 35 ವರ್ಷ, ಈಗ 72 ದಾಟಿದೆ ಅನ್ನುವುದು ಚೀನಾ ಸರ್ಕಾರದ ಲೆಕ್ಕ. 2019ರ ಕೊನೆಗೆ ಟಿಬೆಟ್ಟಿನಲ್ಲಿ ಕಡು ಬಡತನವೇ ಇಲ್ಲ ಅಂತಲೂ ಘೋಷಣೆ ಆಯಿತು. ಸರ್ಕಾರಿ ಅಂಕಿ ಅಂದಮೇಲೆ ಒಂದು ಹಿಡಿ ಉಪ್ಪು ಪಕ್ಕದಲ್ಲಿರಲಿ. ಆದರೆ ಆಸ್ಪತ್ರೆ, ಕರೆಂಟು, ರಸ್ತೆ ಬಂದದ್ದು ನಿಜ, ಅದರಿಂದ ಜೀವ ಉಳಿದದ್ದೂ ನಿಜ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಚೀನಾ ಸರ್ಕಾರ ‘ಟಿಬೆಟ್ ಸ್ವಾಯತ್ತ ಪ್ರದೇಶ’ ಅನ್ನುವುದು ಟಿಬೆಟಿಯನ್ನರು ತಮ್ಮ ನಾಡು ಎನ್ನುವುದರ ಅರ್ಧಭಾಗ ಅಷ್ಟೆ. ಉಳಿದದ್ದು ಚಿಂಗ್ಹಾಯ್, ಸಿಚುವಾನ್, ಗಾನ್ಸು, ಯುನ್ನಾನ್ ಎಂಬ ಬೇರೆ ನಾಲ್ಕು ಪ್ರಾಂತ್ಯಗಳಲ್ಲಿ ಹಂಚಿಹೋಗಿದೆ. ಅಲ್ಲಿಯೂ ಟಿಬೆಟಿಯನ್ನರಿದ್ದಾರೆ, ಅಲ್ಲಿಯ ಕಥೆಯೂ ಇದೇ.

ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

ಸ್ವಾಯತ್ತ ಪ್ರದೇಶದ ಸರ್ಕಾರ ಮಾಡುವ ಖರ್ಚಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಬೀಜಿಂಗಿನಿಂದ ಬರುತ್ತದೆ. ಕೇಳಿದರೆ ಎಂಥ ಉದಾರಿ ಸರ್ಕಾರ ಅನ್ನಿಸುತ್ತದೆ. ಆದರೆ ಆ ದುಡ್ಡು ಹೋಗುವುದು ರಸ್ತೆ, ಸೇತುವೆ, ಕಚೇರಿ ಕಟ್ಟಡ, ಆಫೀಸರುಗಳ ಸಂಬಳಕ್ಕೆ. ದೊಡ್ಡ ಕಂಟ್ರಾಕ್ಟು ಹಿಡಿಯುವ ಕಂಪನಿ ಹೊರಗಿನದು, ಸಿಮೆಂಟು ಕಬ್ಬಿಣ ಹೊರಗಿನದು, ಮೇಸ್ತ್ರಿ ಹೊರಗಿನವನು. ತೂತು ಗಡಿಗೆಗೆ ನೀರು ಹೊಯ್ದ ಹಾಗೆ ಮೇಲಿಂದ ಬಂದದ್ದು ತಳದಿಂದ ಹೊರಕ್ಕೆ. ನಡುವೆ ಊರಿನವರಿಗೆ ಸಿಕ್ಕಿದ್ದು ಒಂದಿಷ್ಟು ತೇವ.

ರೈಲು ಬಂದಮೇಲೆ ಸರಕು ಬಂತು, ಸರಕಿನ ಹಿಂದೆ ವ್ಯಾಪಾರಿ ಬಂದ. ಸಿಚುವಾನಿನ ಚೀನಿಯರು ಹೋಟೆಲು, ಮೊಬೈಲ್ ಅಂಗಡಿ, ತರಕಾರಿ, ಟ್ಯಾಕ್ಸಿ ಹಿಡಿದರು. ಗಾನ್ಸು, ಚಿಂಗ್ಹಾಯ್ ಕಡೆಯ ಹುಯಿ ಮುಸ್ಲಿಮರು ಮಾಂಸ, ಚರ್ಮ, ನೂಡಲ್ಸ್ ಅಂಗಡಿ ಹಿಡಿದರು. ಅವರೂ ಹೊಟ್ಟೆಪಾಡಿಗೆ ಬಂದ ಬಡವರೇ. ಅವರನ್ನು ಬೈದು ಪ್ರಯೋಜನವಿಲ್ಲ. ಜನಗಣತಿ ಪ್ರಕಾರ ಸ್ವಾಯತ್ತ ಪ್ರದೇಶದಲ್ಲಿ 2010ರಲ್ಲಿ ಹಾನ್ ಚೀನಿಯರು ನೂರಕ್ಕೆ 8 ಇದ್ದದ್ದು 2020ಕ್ಕೆ 12 ಆಯಿತು. ಅಷ್ಟೇ ತಾನೆ ಅನ್ನಬೇಡಿ. ಹಳ್ಳಿಗಳಲ್ಲಿ ಅವರು ಇಲ್ಲವೇ ಇಲ್ಲ. ಇರುವವರೆಲ್ಲ ಪಟ್ಟಣದಲ್ಲಿ, ಅಂದರೆ ಪೇಟೆ ಬೀದಿಯಲ್ಲಿ.

ಲ್ಹಾಸಾದ ಹೊರವಲಯದ ತರಕಾರಿ ತೋಟಗಳ ಸಂಗತಿ ನೋಡಿ. ಪ್ಲಾಸ್ಟಿಕ್ ಹೊದಿಸಿದ ಶೆಡ್ಡುಗಳಲ್ಲಿ ಚಳಿಗಾಲದಲ್ಲೂ ಮೆಣಸಿನಕಾಯಿ, ಟೊಮೇಟೊ ಬೆಳೆಯುತ್ತಾರೆ. ಜಮೀನು ಟಿಬೆಟಿಯನ್ನನದು, ಬೆಳೆಯುವವನು ಸಿಚುವಾನಿನಿಂದ ಬಂದು ಗುತ್ತಿಗೆಗೆ ಹಿಡಿದವನು. ಬೀಜ ಗೊಬ್ಬರದ ವ್ಯಾಪಾರಿ ಅವನ ಭಾಷೆಯವನು, ತರಕಾರಿ ಮಂಡಿಯ ದಲ್ಲಾಳಿ ಅವನ ಊರಿನವನು. ಟಿಬೆಟಿಯನ್ ರೈತ ತಾನೇ ಬೆಳೆದರೂ ಮಂಡಿಯಲ್ಲಿ ಮಾತಾಡಿ ಗಿಟ್ಟಿಸುವುದು ಕಷ್ಟ. ಜತೆಗೆ ಔಷಧಿ ಹೊಡೆದು ಹುಳ ಕೊಲ್ಲುವುದು ಪಾಪ ಅನ್ನುವ ಅಳುಕು ಬೇರೆ. ಗುತ್ತಿಗೆ ದುಡ್ಡು ತಗೊಂಡು ಸುಮ್ಮನೆ ಕೂರುವುದೇ ಲಾಭ. ‘ಟಿಬೆಟಿಯನ್ನರು ಸೋಮಾರಿಗಳು’ ಅನ್ನುವ ಮಾತು ಹುಟ್ಟುವುದು ಹೀಗೆ.

ಇನ್ನು ಬಾರ್ಖೋರ್. ಲ್ಹಾಸಾದ ಜೋಖಾಂಗ್ ದೇವಾಲಯದ ಸುತ್ತ ಇರುವ ಪ್ರದಕ್ಷಿಣೆಯ ಬೀದಿ ಅದು. ದೇವರಾಜ ಮಾರ್ಕೆಟ್ಟೂ ಚಾಮುಂಡಿ ಬೆಟ್ಟದ ಮೆಟ್ಟಿಲೂ ಒಂದೇ ಕಡೆ ಇದ್ದರೆ ಹೇಗಿರುತ್ತೋ ಹಾಗೆ. ಭಕ್ತರು ಸಾಷ್ಟಾಂಗ ಹಾಕುತ್ತಾ ಸುತ್ತು ಬರುತ್ತಿದ್ದರೆ ಪಕ್ಕದಲ್ಲೇ ಬೀದಿ ವ್ಯಾಪಾರಿಗಳು ಬೆಣ್ಣೆ, ಜಪಮಣಿ, ಟೋಪಿ ಮಾರುತ್ತಿದ್ದರು. ಹಳೇ ಊರನ್ನು ಚೆಂದಗೊಳಿಸುತ್ತೇವೆ ಅಂತ 2013ರಲ್ಲಿ ಈ ವ್ಯಾಪಾರಿಗಳನ್ನೆಲ್ಲ ಎತ್ತಿ ಹೊಸದಾಗಿ ಕಟ್ಟಿದ ಮಾಲಿಗೆ ಸಾಗಿಸಲಾಯಿತು. ಬೀದಿ ಚೊಕ್ಕಟವಾಯಿತು, ಫೋಟೋ ಚೆನ್ನಾಗಿ ಬರುತ್ತದೆ. ಫುಟ್‌ಪಾತಿನಿಂದ ಕಾಂಪ್ಲೆಕ್ಸಿಗೆ ಹೋದ ವ್ಯಾಪಾರ ಎಷ್ಟು ಕುದುರುತ್ತದೆ ಅಂತ ಮೈಸೂರಿನ ಯಾವ ಗಾಡಿ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ. ನಮ್ಮ ಲ್ಹಾಸಾ ಹಾಳಾಗುತ್ತಿದೆ ಅಂತ ಆಗ ದನಿ ಎತ್ತಿದವರು ವೋಸರ್ ಎಂಬ ಟಿಬೆಟಿಯನ್ ಲೇಖಕಿ. ಆಕೆ ಬರೆಯುವುದು ಚೀನಿ ಭಾಷೆಯಲ್ಲಿ, ಯಾಕೆಂದರೆ ಶಾಲೆಯಲ್ಲಿ ಕಲಿಸಿದ್ದು ಅದನ್ನೇ.

ಪ್ರವಾಸಿಗರ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. 2005ರಲ್ಲಿ 18 ಲಕ್ಷ, ರೈಲು ಬಂದ ಮರುವರ್ಷ 2007ರಲ್ಲಿ 40 ಲಕ್ಷ, 2019ರಲ್ಲಿ 4 ಕೋಟಿ. ಇದೂ ಸರ್ಕಾರಿ ಲೆಕ್ಕವೇ. ಸ್ವಾಯತ್ತ ಪ್ರದೇಶದ ಇಡೀ ಜನಸಂಖ್ಯೆ 36 ಲಕ್ಷ. ಒಬ್ಬ ನಿವಾಸಿಗೆ ಹತ್ತಕ್ಕಿಂತ ಹೆಚ್ಚು ನೆಂಟರು! ಅವರಿಗಾಗಿ 2013ರಿಂದ ಲ್ಹಾಸಾದ ಬಯಲಿನಲ್ಲಿ ದಿನಾ ರಾತ್ರಿ ಒಂದು ಭಾರಿ ನಾಟಕ. ಏಳನೇ ಶತಮಾನದಲ್ಲಿ ಟಿಬೆಟ್ ದೊರೆಯನ್ನು ಮದುವೆಯಾಗಿ ಬಂದ ಚೀನಾದ ರಾಜಕುಮಾರಿ ವೆನ್‌ಚೆಂಗಳ ಕಥೆ. ನಾಗರಿಕತೆಯನ್ನೆಲ್ಲ ಅವಳೇ ಹೊತ್ತು ತಂದಳು ಅನ್ನುವ ಧಾಟಿ. ಕುಣಿಯುವವರು ಟಿಬೆಟಿಯನ್ನರು, ಸಂಬಳ ಸಿಗುತ್ತದೆ. ಯುನ್ನಾನಿನ ಝೋಂಗ್ಡಿಯನ್ ಎಂಬ ಊರಿಗಂತೂ 2001ರಲ್ಲಿ ‘ಶಾಂಗ್ರಿ-ಲಾ’ ಅಂತ ಹೆಸರೇ ಬದಲಾಯಿಸಿದರು. ಅದು ಒಬ್ಬ ಇಂಗ್ಲಿಷಿನವನು 1933ರಲ್ಲಿ ಕಾದಂಬರಿಗಾಗಿ ಕಲ್ಪಿಸಿದ ಊರು. 2014ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಹಳೇ ಪೇಟೆಯ ಇನ್ನೂರಕ್ಕೂ ಹೆಚ್ಚು ಮನೆ ಸುಟ್ಟವು. ಸುಟ್ಟದ್ದು ಕಾದಂಬರಿಯ ಊರಲ್ಲ, ನಿಜವಾದ ಊರು.

ಸಂಸ್ಕೃತಿಯನ್ನು ನಾಶ ಮಾಡುತ್ತಿದ್ದಾರೆ ಅಂತ ದೂರಿದರೆ ಚೀನಾದವರು ಈ ಕುಣಿತ, ಈ ಬಟ್ಟೆ, ರಿಪೇರಿ ಮಾಡಿದ ಪೊಟಾಲ ಅರಮನೆ ತೋರಿಸುತ್ತಾರೆ. ತೋರಿಸುವುದಕ್ಕೆ ಇಟ್ಟದ್ದೆಲ್ಲ ಭದ್ರವಾಗಿದೆ, ನಿಜ. ಹೋಗುತ್ತಿರುವುದು ಬೇರೆ. ಲೈಸೆನ್ಸು ಚೀನಿಯಲ್ಲಿ, ಬ್ಯಾಂಕಿನ ಫಾರಂ ಚೀನಿಯಲ್ಲಿ, ಹೋಲ್‌ಸೇಲ್ ವ್ಯಾಪಾರಿ ಚೀನಿ, ಗಿರಾಕಿ ಚೀನಿ, ಸರ್ಕಾರಿ ಕೆಲಸದ ಪರೀಕ್ಷೆ ಚೀನಿ. ಬೋರ್ಡಿನ ಮೇಲೆ ಟಿಬೆಟನ್ ಅಕ್ಷರ ಚಿಕ್ಕದಾಗಿ ಮೂಲೆಯಲ್ಲಿ. ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಕನ್ನಡ ಇರಬೇಕು ಅಂತ 2024ರಲ್ಲಿ ಇಲ್ಲಿ ಕಾನೂನು ಬಂದಾಗ ಅಷ್ಟೆಲ್ಲ ಯಾಕೆ ಅಂದವರಿದ್ದರು. ಗಲ್ಲಾಪೆಟ್ಟಿಗೆ ಆಡುವ ಭಾಷೆಯನ್ನೇ ಮಕ್ಕಳು ಕಲಿಯುತ್ತಾರೆ ಅನ್ನುವುದನ್ನು ಅವರು ಲ್ಹಾಸಾದಲ್ಲಿ ನೋಡಬಹುದು.

ಯಾಕ್ ಮಾರಿದವನ ಮನೆ

ಪೇಟೆಯ ಕಥೆ ಹೀಗಾದರೆ ಬಯಲಿನ ಕಥೆ ಇದಕ್ಕಿಂತ ದೊಡ್ಡದು. ಟಿಬೆಟ್ಟಿನಲ್ಲಿ ಲಕ್ಷಾಂತರ ಜನ ‘ದ್ರೋಕ್ಪಾ’ಗಳು, ಅಂದರೆ ದನಗಾಹಿಗಳು. ಅವರ ಬದುಕು ನಿಂತಿರುವುದು ಯಾಕ್ ಎಂಬ ಒಂದು ಪ್ರಾಣಿಯ ಮೇಲೆ. ಹಾಲು ಅದರದು, ಚಹಾಕ್ಕೆ ಹಾಕುವ ಬೆಣ್ಣೆ ಅದರದು, ದೀಪಕ್ಕೆ ಉರಿಯುವ ಬೆಣ್ಣೆ ಅದರದು, ಮಾಂಸ ಅದರದು, ಕೂದಲಿನಿಂದ ನೇಯ್ದ ಕಪ್ಪು ಡೇರೆ ಅದರದು, ಮರವಿಲ್ಲದ ಆ ನಾಡಿನಲ್ಲಿ ಒಲೆಗೆ ಹಾಕುವ ಬೆರಣಿಯೂ ಅದರದೇ. ಕೈಯಲ್ಲಿ ಕಾಸಿಲ್ಲದಿದ್ದರೂ ಹೊಟ್ಟೆ, ಬಟ್ಟೆ, ಬೆಂಕಿ ಮೂರಕ್ಕೂ ಕೊರತೆ ಇಲ್ಲ. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಇವನು ‘ಬಡವ’.

2003ರ ಸುಮಾರಿಗೆ ಹುಲ್ಲುಗಾವಲು ಕೆಡುತ್ತಿದೆ, ನದಿಗಳ ಮೂಲ ಒಣಗುತ್ತಿದೆ, ದನ ಕಡಿಮೆ ಮಾಡಿ ಎಂಬ ಯೋಜನೆ ಬಂತು. ಬೇಲಿ ಬಂತು. ಹಳದಿ ನದಿ, ಯಾಂಗ್ಟ್ಸೆ, ಮೆಕಾಂಗ್ ಮೂರೂ ಹುಟ್ಟುವ ಚಿಂಗ್ಹಾಯ್ ಬಯಲಿನಿಂದ ಸಾವಿರಾರು ಕುಟುಂಬಗಳು ರಸ್ತೆ ಬದಿಯ ಕಾಲೊನಿಗಳಿಗೆ ಇಳಿದವು. ಹುಲ್ಲು ಕೆಟ್ಟದ್ದು ದನದಿಂದಲೋ, ಹವಾಮಾನ ಬದಲಾದದ್ದರಿಂದಲೋ, ಬೇಲಿ ಹಾಕಿ ದನ ಒಂದೇ ಕಡೆ ನಿಂತದ್ದರಿಂದಲೋ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಶಿಕ್ಷೆ ಮಾತ್ರ ದನಗಾಹಿಗೆ. ಕಾಡು ಉಳಿಸಬೇಕು ಅಂತ ನಾಗರಹೊಳೆಯಿಂದ ಜೇನುಕುರುಬರನ್ನು ಎತ್ತಂಗಡಿ ಮಾಡಿದ್ದನ್ನು ಕಂಡಿರುವ ಹುಣಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2006ರಿಂದ 2012ರವರೆಗೆ ಸ್ವಾಯತ್ತ ಪ್ರದೇಶ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹೊಸ ಮನೆಗಳಿಗೆ ಸೇರಿಸಲಾಯಿತು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2013ರಲ್ಲಿ ವರದಿ ಮಾಡಿತು. ಕೆಲವರಿಗೆ ಹಳೇ ಜಾಗದಲ್ಲೇ ಹೊಸ ಮನೆ, ಕೆಲವರಿಗೆ ಊರೇ ಬೇರೆ. ಸಹಾಯಧನ ಸ್ವಲ್ಪ, ಉಳಿದದ್ದು ಮನೆಯವನ ಸಾಲ. ಮೇಲ್ಗಡೆ ಬಾವುಟ. 2016ರಿಂದೀಚೆಗೆ ಇನ್ನೂ 500 ಹಳ್ಳಿಗಳ 1 ಲಕ್ಷ 40 ಸಾವಿರ ಜನರ ಎತ್ತಂಗಡಿ ನಡೆದಿದೆ ಎಂದು ಅದೇ ಸಂಸ್ಥೆಯ 2024ರ ವರದಿ ಹೇಳುತ್ತದೆ. ಎಲ್ಲರೂ ಸ್ವಂತ ಇಷ್ಟದಿಂದ ಹೋದರು ಅನ್ನುತ್ತದೆ ಸರ್ಕಾರ. ಮನೆಮನೆಗೆ ಅಧಿಕಾರಿಗಳು ಮತ್ತೆ ಮತ್ತೆ ಬಂದು ಒಪ್ಪಿಸಿದರು ಅನ್ನುತ್ತದೆ ವರದಿ. ನಾಲ್ಕನೇ ಸಲ ಬಂದ ಸಾಹೇಬನಿಗೆ ಆಗಲ್ಲ ಅನ್ನುವವನು ಯಾವ ದೇಶದಲ್ಲಿದ್ದಾನೆ?

ಯಾಕ್ ಮಾರಿ ಬಂದವನ ಮನೆ ಹೇಗಿರುತ್ತೆ? ಮೊದಲ ವರ್ಷ ಕೈಯಲ್ಲಿ ಮಾರಿದ ದುಡ್ಡು, ಮೋಟಾರ್‌ಸೈಕಲ್ಲು, ಟೀವಿ. ಎರಡನೇ ವರ್ಷ ಬೆಣ್ಣೆ ಅಂಗಡಿಯಿಂದ, ಮಾಂಸ ಅಂಗಡಿಯಿಂದ, ಒಲೆಗೆ ಹಾಕುವುದೂ ಕಾಸು ಕೊಟ್ಟು. ಹಿಮದ ಮೋಡದ ವಾಸನೆ ಹಿಡಿಯುವ, ನೂರು ಯಾಕ್‌ಗಳಲ್ಲಿ ಕಳೆದುಹೋದ ಒಂದನ್ನು ಗುರುತಿಸುವ ಅವನ ಬುದ್ಧಿಗೆ ಟೌನಿನಲ್ಲಿ ಬೆಲೆ ಇಲ್ಲ. ಕೂಲಿ ಕೆಲಸಕ್ಕೂ ಚೀನಿ ಬೇಕು. ಬಣ್ಣ, ವಯಸ್ಸು, ಕೊಂಬಿನ ಲೆಕ್ಕದಲ್ಲಿ ಯಾಕ್‌ಗೆ ಅವನ ಭಾಷೆಯಲ್ಲಿ ಹತ್ತಾರು ಹೆಸರು. ಮಗನಿಗೆ ಅದರಲ್ಲಿ ಒಂದೂ ಬೇಡ. ಆ ಗುಡ್ಡದ ದೇವರು ಯಾರು, ಈ ಹಳ್ಳದ ಹೆಸರೇನು ಅನ್ನುವುದೂ ಬೇಡ, ಯಾಕೆಂದರೆ ಗುಡ್ಡ ಕಾಣುವುದೇ ಇಲ್ಲ.

ಇಂಥವರನ್ನು ಕಾಪಾಡಿದ್ದು ಒಂದು ಹುಳ. ‘ಯಾರ್ಸಾ ಗುಂಬು’ ಅಂತ ಹೆಸರು. ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹುಳ ಅಂತ ಅರ್ಥ. ಮಣ್ಣಿನೊಳಗಿನ ಹುಳಕ್ಕೆ ಅಣಬೆ ಹತ್ತಿ ಕಡ್ಡಿಯ ಹಾಗೆ ಮೇಲೆ ಬರುತ್ತದೆ. ಚೀನಾದ ಸಾಹುಕಾರರಿಗೆ ಅದು ಶಕ್ತಿಯ ಔಷಧಿ. ಒಳ್ಳೇ ಮಾಲಿಗೆ ಚಿನ್ನದ ತೂಕಕ್ಕೆ ಮೀರಿದ ಬೆಲೆ ಬಂದದ್ದುಂಟು. ಮೇ–ಜೂನ್ ಬಂತೆಂದರೆ ಹೆಂಗಸರು ಮಕ್ಕಳೆಲ್ಲ ಗುಡ್ಡದ ಮೇಲೆ ಮಂಡಿಯೂರಿ ಹುಡುಕುತ್ತಾರೆ. ಅದರ ದುಡ್ಡಿನಿಂದ ಕಾರು ಬಂದಿದೆ, ಮಠಗಳಿಗೆ ಹೊಸ ಚಾವಣಿ ಬಂದಿದೆ, ಹಳ್ಳಿ ಹಳ್ಳಿಗಳ ನಡುವೆ ಗುಡ್ಡಕ್ಕಾಗಿ ಹೊಡೆದಾಟವೂ ಬಂದಿದೆ.

ಒಬ್ಬ ಅಂಗಡಿಯವನಿಗೆ ಐದು ವರ್ಷ

ಈಗ ಚಿಂಗ್ಹಾಯ್ ಪ್ರಾಂತ್ಯದ ಯುಷು ಎಂಬ ಪಟ್ಟಣದ ಒಬ್ಬ ಅಂಗಡಿಯವನ ಕಥೆ. ಅಂಗಡಿ ಬಾಗಿಲು ಹಾಕುವ ಮುಂಚೆ ಓದಬೇಕಾದ್ದು ಇದು.

ಹೆಸರು ತಾಶಿ ವಾಂಗ್ಚುಕ್. ಊರಲ್ಲಿ ಅಂಗಡಿ, ಜತೆಗೆ ಇಂಟರ್‌ನೆಟ್ಟಿನಲ್ಲಿ ಅದೇ ಹುಳ, ಊರ ಕಡೆಯ ಸಾಮಾನು ಮಾರುತ್ತಿದ್ದ. ಹಳ್ಳಿಗಾಡಿನಿಂದ ಮೇಲೆ ಬಂದ ಹೊಸ ವ್ಯಾಪಾರಿಗೆ ಇವನೇ ಮಾದರಿ ಅಂತ ಚೀನಾದ ಅತಿ ದೊಡ್ಡ ಆನ್‌ಲೈನ್ ಕಂಪನಿ ತನ್ನ ಪ್ರಚಾರದ ಚಿತ್ರದಲ್ಲೇ ಅವನನ್ನು ತೋರಿಸಿತ್ತು. ಅಂದರೆ ಅಭಿವೃದ್ಧಿಯಿಂದ ಕೆಟ್ಟವನಲ್ಲ, ಅದರಲ್ಲಿ ಈಜಿ ಗೆದ್ದವನು.

ತನ್ನ ಮನೆಯ ಚಿಕ್ಕ ಹುಡುಗಿಯರಿಗೆ ಟಿಬೆಟನ್ ಓದು ಬರಹ ಕಲಿಸಲು ಊರಿನಲ್ಲಿ ಒಂದು ತರಗತಿ ಸಿಗಲಿಲ್ಲ. 2015ರಲ್ಲಿ ಬೀಜಿಂಗಿಗೆ ಹೋಗಿ ವಕೀಲರನ್ನು ಹುಡುಕಿದ, ಸ್ಥಳೀಯ ಅಧಿಕಾರಿಗಳ ಮೇಲೆ ಕೇಸು ಹಾಕಬೇಕು ಅಂತ. ಅವನು ಕೈಯಲ್ಲಿ ಹಿಡಿದದ್ದು ಚೀನಾದ ಸಂವಿಧಾನವನ್ನೇ. ಅದರ ನಾಲ್ಕನೇ ವಿಧಿಯಲ್ಲಿ ಪ್ರತಿ ಜನಾಂಗಕ್ಕೂ ತನ್ನ ಭಾಷೆ ಬಳಸಿ ಬೆಳೆಸುವ ಸ್ವಾತಂತ್ರ್ಯ ಇದೆ. ತನಗೆ ಸ್ವತಂತ್ರ ಟಿಬೆಟ್ ಬೇಡ, ಪಾಠ ಬೇಕು ಅಂತ ಸ್ಪಷ್ಟವಾಗಿ ಹೇಳಿದ. ವಕೀಲರು ಸಿಗಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ ಓಡಾಟದ ವಿಡಿಯೋ ಮಾಡಿ ಪ್ರಕಟಿಸಿತು. 2016ರ ಜನವರಿಯಲ್ಲಿ ಬಂಧನ. ಎರಡು ವರ್ಷದ ಮೇಲೆ ವಿಚಾರಣೆ, ಸಾಕ್ಷಿ ಅದೇ ವಿಡಿಯೋ. 2018ರ ಮೇ ತಿಂಗಳಲ್ಲಿ ದೇಶ ಒಡೆಯಲು ಪ್ರಚೋದನೆ ಅಂತ ಐದು ವರ್ಷ ಶಿಕ್ಷೆ. ಪೂರ್ತಿ ಅನುಭವಿಸಿ 2021ರ ಜನವರಿಯಲ್ಲಿ ಹೊರಬಂದ.

ಒಂದು ತರಗತಿ ಕೇಳಿದ್ದಕ್ಕೆ ಐದು ವರ್ಷ. ರೈಲು ಕೇಳದೆ ಬಂತು, ಮನೆ ಕೇಳದೆ ಬಂತು, ಕೇಳಿದ ಒಂದು ಮಾತ್ರ ಕೊಡಲಿಲ್ಲ.

ಶಾಲೆಗಳೇ ಇಲ್ಲ ಅಂತಲ್ಲ. ಶಾಲೆ ಬೇಕಾದಷ್ಟಿವೆ, ಅದೂ ವಸತಿ ಶಾಲೆ. ಹಳ್ಳಿಯ ಚಿಕ್ಕ ಶಾಲೆಗಳನ್ನು ಮುಚ್ಚಿ ದೂರದ ಪಟ್ಟಣದಲ್ಲಿ ದೊಡ್ಡದು ಕಟ್ಟುತ್ತಾರೆ. ಸುಮಾರು ಹತ್ತು ಲಕ್ಷ ಟಿಬೆಟಿಯನ್ ಮಕ್ಕಳು ಇಂಥ ಶಾಲೆಗಳಲ್ಲಿ ಮನೆಯಿಂದ ದೂರ, ಚೀನಿ ಮಾಧ್ಯಮದಲ್ಲಿ ಓದುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಮೂವರು ತಜ್ಞರು 2023ರ ಫೆಬ್ರವರಿಯಲ್ಲಿ ಕಳವಳ ಪಟ್ಟರು. ಮನೆಗಳು ಚದುರಿದ್ದರಿಂದ ಹಾಸ್ಟೆಲು ಅನಿವಾರ್ಯ, ಯಾರಿಗೂ ಬಲವಂತವಿಲ್ಲ ಅನ್ನುವುದು ಚೀನಾ ಉತ್ತರ. ಹಾಗಿದ್ದರೆ ಊರವರೇ ಕಟ್ಟಿಕೊಂಡ ಶಾಲೆಗಳು ಉಳಿಯಬೇಕಿತ್ತಲ್ಲ? ಗೋಲೋಗ್ ಸೀಮೆಯಲ್ಲಿ ಒಬ್ಬ ಸನ್ಯಾಸಿ 1994ರಲ್ಲಿ ಕಟ್ಟಿ ಹೆಸರು ಗಳಿಸಿದ್ದ ರಾಗ್ಯಾ ಶಾಲೆಯನ್ನು 2024ರ ಜುಲೈನಲ್ಲಿ ಮುಚ್ಚಿಸಲಾಯಿತು.

ರಜೆಗೆ ಊರಿಗೆ ಬಂದ ಮೊಮ್ಮಗು ಅಜ್ಜಿಯ ಜತೆ ಏನು ಮಾತಾಡುತ್ತದೆ ಎಂಬುದನ್ನು ಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಹಾಸ್ಟೆಲಿಗೆ ಕಳಿಸಿದವರು ಊಹಿಸಬಲ್ಲರು. ವ್ಯತ್ಯಾಸ ಇಷ್ಟೇ: ಇಲ್ಲಿ ಫೀಸು ಕಟ್ಟಿ ಕಳಿಸುತ್ತಾರೆ.

ಅಣೆಕಟ್ಟುಗಳ ಮಾತು ಎತ್ತಿದರೆ ಇನ್ನೊಂದು ಪುಟ ಬೇಕು. 2024ರ ಫೆಬ್ರವರಿಯಲ್ಲಿ ದೇರ್ಗೆ ಎಂಬಲ್ಲಿ ಜನ, ಸನ್ಯಾಸಿಗಳು ಬೀದಿಗೆ ಬಿದ್ದು ಅಧಿಕಾರಿಗಳ ಮುಂದೆ ಮಂಡಿಯೂರಿ ಬೇಡಿಕೊಂಡರು. ಅಲ್ಲಿ ಕಟ್ಟುವ ಅಣೆಕಟ್ಟಿಗೆ ಹಳ್ಳಿಗಳು, 14ನೇ ಶತಮಾನದ ಭಿತ್ತಿಚಿತ್ರಗಳಿರುವ ಮಠ ಮುಳುಗುತ್ತವೆ. ನೂರಾರು ಜನರನ್ನು ಹಿಡಿದೊಯ್ದ ವರದಿ ಬಂತು. 2025ರ ಜುಲೈನಲ್ಲಿ ಬ್ರಹ್ಮಪುತ್ರ ತಿರುಗುವ ಕಮರಿಯಲ್ಲಿ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಗೆ ಪ್ರಧಾನಿ ಲಿ ಚಿಯಾಂಗ್ ಚಾಲನೆ ಕೊಟ್ಟರು. ಖರ್ಚು 1.2 ಲಕ್ಷ ಕೋಟಿ ಯುವಾನ್. ಕರೆಂಟು ಮುಖ್ಯವಾಗಿ ಹೊರಗಿನ ಪ್ರಾಂತ್ಯಗಳಿಗೆ ಅಂತ ಅವರೇ ಹೇಳಿದ್ದಾರೆ.

ಬಾಗಿಲು ಮುಚ್ಚಿದ್ದು

2008ರ ಮಾರ್ಚ್ 14ರಂದು ಲ್ಹಾಸಾ ಸ್ಫೋಟಿಸಿತು. ಅಂಗಡಿಗಳಿಗೆ ಬೆಂಕಿ ಬಿತ್ತು, ಬಹುಪಾಲು ಹಾನ್ ಮತ್ತು ಹುಯಿ ವ್ಯಾಪಾರಿಗಳ ಅಂಗಡಿಗಳಿಗೆ. ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಐದು ಹುಡುಗಿಯರು ಸುಟ್ಟು ಸತ್ತರು, ಅವರಲ್ಲಿ ಒಬ್ಬಳು ಟಿಬೆಟಿಯನ್ನಳೇ. ಇದನ್ನು ಮರೆಮಾಚಿ ಟಿಬೆಟ್ ಪರ ಮಾತಾಡುವುದು ಸರಿಯಲ್ಲ. ಅದರ ಮೇಲೆ ಬಂದ ಪೊಲೀಸು ಕಾರ್ಯಾಚರಣೆಯಲ್ಲಿ ಸತ್ತವರ ಲೆಕ್ಕ ಚೀನಾದ್ದು ಬೇರೆ, ಧರ್ಮಶಾಲೆಯದು ಬೇರೆ. ಎರಡು ವರ್ಷದ ಹಿಂದಷ್ಟೇ ರೈಲು ಬಂದಿದ್ದ, ದುಡ್ಡು ಹರಿದಿದ್ದ ಊರು ಅದು. ಸಿಟ್ಟು ಹೊತ್ತಿದ್ದು ಬರೀ ಬಡತನದಿಂದಲ್ಲ, ತಮ್ಮ ಬೀದಿಯಲ್ಲಿ ತಾವೇ ಗಿರಾಕಿಗಳಾದದ್ದೂ ಅದರಲ್ಲಿತ್ತು.

ಆಮೇಲೆ ಬೀದಿ ಬೀದಿಗೆ ಪೊಲೀಸ್ ಚೌಕಿ, ಕ್ಯಾಮೆರಾ, ಪಾಸ್‌ಪೋರ್ಟ್ ವಾಪಸು, ಗಡಿಯಲ್ಲಿ ಕಾವಲು. ಹೊಸ ರಸ್ತೆಗಳ ಮೇಲೆ ಬಸ್ಸು ಎಷ್ಟು ಬೇಗ ಹೋಗುತ್ತೋ ಜೀಪೂ ಅಷ್ಟೇ ಬೇಗ ಹೋಗುತ್ತದೆ. ನೇಪಾಳವೂ ಬಿಗಿಯಾಯಿತು. ಬೈಲಕುಪ್ಪೆಗೆ ಬರುವವರು ನಿಂತದ್ದು ಹೀಗೆ. ಅಂದಮೇಲೆ ಬೀಗದ ಉತ್ತರವೇ ಹೆಚ್ಚು ನಿಜ. ರಸ್ತೆ ಸುಖಕ್ಕೂ ಬಂತು, ಕಾವಲಿಗೂ ಬಂತು.

ಇದರ ಪೆಟ್ಟು ಬಿದ್ದಿರುವುದು ಇಲ್ಲಿ. ಟಿಬೆಟ್ಟಿನ ಮೂರು ಮಹಾಮಠಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ದ್ರೆಪುಂಗ್, ಗಾಂದೆನ್ ಎರಡೂ ಮುಂಡಗೋಡಿನಲ್ಲಿ ಮತ್ತೆ ಎದ್ದು ನಿಂತಿವೆ. ಅಲ್ಲಿ ನಾಶವಾದ ಪಾಠ, ವಾದ, ಪೂಜೆ ಕರ್ನಾಟಕದ ಮಣ್ಣಿನಲ್ಲಿ ಉಳಿದುಕೊಂಡಿತು ಅಂದರೆ ಹೆಚ್ಚು ಹೇಳಿದಂತಲ್ಲ. ಆದರೆ ಆ ಮಠಗಳಿಗೆ ಹುಡುಗರು ಬೇಕಲ್ಲ? ಅಲ್ಲಿಂದ ಬರುವವರಿಲ್ಲ. ಇಲ್ಲಿ ಹುಟ್ಟಿದವರ ಮನೆಗಳಲ್ಲಿ ಒಂದೋ ಎರಡೋ ಮಕ್ಕಳು. ಈಗ ತರಗತಿಗಳಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನದ ಹುಡುಗರೇ ಹೆಚ್ಚಾಗುತ್ತಿದ್ದಾರೆ.

ಇಲ್ಲಿ ಹುಟ್ಟಿದವರನ್ನು ಯಾರೂ ಹೊಡೆದು ಓಡಿಸುತ್ತಿಲ್ಲ. ಆದರೂ ಹೋಗುತ್ತಿದ್ದಾರೆ. ಅಮೆರಿಕ 1990ರ ಕಾನೂನಿನಲ್ಲಿ ಸಾವಿರ ಟಿಬೆಟಿಯನ್ನರಿಗೆ ವೀಸಾ ಕೊಟ್ಟಿತು. ಆ ಸಾವಿರ ತಮ್ಮವರನ್ನು ಕರೆಸಿಕೊಂಡಿತು. ಈಗ ನ್ಯೂಯಾರ್ಕ್, ಟೊರಾಂಟೊ, ಪ್ಯಾರಿಸ್. ಮೊದಲ ತಲೆಮಾರು ಆನೆ ಓಡಿಸಿ ಜೋಳ ಬೆಳೆಯಿತು, ಎರಡನೆಯದು ಲೂಧಿಯಾನದಿಂದ ಸ್ವೆಟರ್ ತಂದು ಫುಟ್‌ಪಾತಿನಲ್ಲಿ ಮಾರಿತು, ಮೂರನೆಯದು ಡಿಗ್ರಿ ಹಿಡಿದು ಬೆಂಗಳೂರಿಗೋ ವಿಮಾನಕ್ಕೋ ಹತ್ತಿತು. ಕ್ಯಾಂಪಿನ ಹೊಸ ಮನೆಗಳಲ್ಲಿ ಡಾಲರಿನ ಗೋಡೆ, ಒಳಗೆ ಅಜ್ಜಿ ಒಬ್ಬಳೇ. ಭಾನುವಾರ ಮಾತ್ರ ಗೋಲ್ಡನ್ ಟೆಂಪಲ್ ಮುಂದೆ ಟೂರಿಸ್ಟ್ ಬಸ್ಸುಗಳ ಸಾಲು, ಮೊಮೊ ಅಂಗಡಿ ಮುಂದೆ ಕ್ಯೂ. ಅಭಿವೃದ್ಧಿ ಇಲ್ಲಿಯೂ ಬಂದಿದೆ, ಲಾಠಿ ಇಲ್ಲದೆ. ಅಲ್ಲಿಗೂ ಇಲ್ಲಿಗೂ ಇರುವ ಈ ವ್ಯತ್ಯಾಸ ಚಿಕ್ಕದಲ್ಲ. ಹೋಗುವವನು ತಾನೇ ತೀರ್ಮಾನ ಮಾಡಿ ಹೋಗುತ್ತಾನೆ, ಬೇಕಾದರೆ ಲೋಸಾರ್ ಹಬ್ಬಕ್ಕೆ ವಾಪಸು ಬರುತ್ತಾನೆ, ಮಗುವಿಗೆ ಟಿಬೆಟನ್ ಕಲಿಸುತ್ತೇನೆ ಅಂದರೆ ಜೈಲಿಗೆ ಹಾಕುವವರಿಲ್ಲ.

2025ರ ಜನವರಿಯಲ್ಲಿ ದಲೈ ಲಾಮಾ ಬೈಲಕುಪ್ಪೆಯ ತಾಶಿ ಲುನ್ಪೋ ಮಠಕ್ಕೆ ಬಂದು ವಾರಗಟ್ಟಲೆ ತಂಗಿದ್ದರು. ಜುಲೈ 6ಕ್ಕೆ ಅವರಿಗೆ 90 ತುಂಬಿತು. ತಮ್ಮ ನಂತರವೂ ಪೀಠ ಮುಂದುವರಿಯುತ್ತದೆ ಅಂತ ಅದಕ್ಕೆ ನಾಲ್ಕು ದಿನ ಮೊದಲು ಘೋಷಿಸಿದರು. ಉತ್ತರಾಧಿಕಾರಿಯನ್ನು ಒಪ್ಪಬೇಕಾದ್ದು ತಾವು ಅನ್ನುತ್ತದೆ ಬೀಜಿಂಗ್. ಆ ಜಗಳ ಮುಂದೆ ಇದೆ.

ಸದ್ಯಕ್ಕೆ ಕ್ಯಾಂಪಿನ ಮುದುಕರ ಚಿಂತೆ ಅಷ್ಟು ದೊಡ್ಡದಲ್ಲ. ಕೆಲವು ವರ್ಷ ಅವರಿಗೆ ಒಂದು ಸುಖ ಸಿಕ್ಕಿತ್ತು. ವೀಚಾಟ್ ಎಂಬ ಚೀನಾದ ಆ್ಯಪ್‌ನಲ್ಲಿ, ಐವತ್ತು ವರ್ಷದಿಂದ ನೋಡದ ತಂಗಿಯ ದನಿ ಕೇಳುತ್ತಿತ್ತು. ಪೊಲೀಸರು ಕೇಳಿಸಿಕೊಳ್ಳುತ್ತಾರೆ ಅಂತ ಎರಡೂ ಕಡೆಗೆ ಗೊತ್ತಿತ್ತು. ಹಾಗಾಗಿ ಮಳೆ, ಮೊಮ್ಮಕ್ಕಳು, ಮಂಡಿ ನೋವು ಇಷ್ಟೇ ಮಾತು. 2020ರ ಜೂನ್‌ನಲ್ಲಿ ಗಲ್ವಾನ್ ಗಲಾಟೆ ಆದಮೇಲೆ ಇಂಡಿಯಾ ಸರ್ಕಾರ ಚೀನಾದ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ನಿಂತಿತು. ಅಲ್ಲಿ ಹೊರದೇಶಕ್ಕೆ ಫೋನು ಮಾಡಿದ ತಪ್ಪಿಗೆ ಸ್ಟೇಷನ್ನು ಹತ್ತಿದವರಿದ್ದಾರೆ, ಆದ್ದರಿಂದ ಇಲ್ಲಿಯವರೇ ಡಯಲ್ ಮಾಡಲು ಹೆದರುತ್ತಾರೆ. ಬಸ್ಸಿಳಿದು ಕ್ಯಾಂಪಿನ ಕಡೆ ನಡೆಯುವ ಅಜ್ಜಿಯಂಥವರ ಚೀಲದಲ್ಲಿ ಮೊಬೈಲು ಇರುತ್ತದೆ. ತಂಗಿಯ ನಂಬರೂ ಅದರಲ್ಲಿ ಇರುತ್ತದೆ.